ಎಂಟು ಸುತ್ತು

ವಾರ್ಡಿನ ಬಾಗಿಲು ನಾಲ್ಕಕ್ಕೆ ತೆರೆದು ಐದಕ್ಕೆ ಮುಚ್ಚುತ್ತಿತ್ತು. ಬಡಗಿ ಮೂರೂವರೆಗೇ ಬಂದು ಅದರ ಮುಂದೆ ನಿಂತಿರುತ್ತಿದ್ದ. ನಿಂತವನ ಕಣ್ಣು ಬಾಗಿಲ ಮೇಲೆಯೇ. ಕೆಳಗಿನ ಕೀಲು ಸಡಿಲ, ಬಲಗಡೆಯ ರೆಕ್ಕೆ ನೆಲ ಸವರುತ್ತದೆ, ಬಣ್ಣ ಬಳಿದವನು ಮೇಲಂಚನ್ನು ಮುಟ್ಟಿಯೇ ಇಲ್ಲ. ಹೆಂಡತಿ ಒಳಗೆ ಮಲಗಿರುವಾಗ ಗಂಡನಾದವನು ಬಾಗಿಲಿನ ಕೀಲು ನೋಡುತ್ತಾನಲ್ಲ ಎಂದು ಯಾರಾದರೂ ಅಂದಾರು. ಅನ್ನಲಿ. ಹೆಂಡತಿಯ ಅಕ್ಕ ಅಂದೂ ಆಗಿತ್ತು.

ಅವನ ಹೆಂಡತಿ ಗೋಡೆಗಳ ಮೇಲೆ ಅಕ್ಷರ ಬರೆಯುವವಳು. ಒಂದೊಂದು ಅಕ್ಷರ ಅವಳಿಗಿಂತ ಎತ್ತರ. ಗೋದಾಮೊಂದರ ಗೋಡೆಗೆ ಹೆಸರು ಬರೆಯುತ್ತ, ಕೊನೆಯ ಅಕ್ಷರದ ಬಾಲ ಇನ್ನೇನು ಎಳೆಯಬೇಕು ಅನ್ನುವಾಗ ಅಟ್ಟಣಿಗೆಯ ಹಲಗೆ ಜಾರಿತು. ಎರಡಾಳೆತ್ತರದಿಂದ ಎಡ ಮಗ್ಗುಲಾಗಿ ಬಿದ್ದಳು. ತಲೆಗೆ ಪೆಟ್ಟಿಲ್ಲ, ಕೈಕಾಲು ಮುರಿಯಲಿಲ್ಲ. ಮುರಿದದ್ದು ಸೊಂಟ.

ಮೂಳೆ ಡಾಕ್ಟರಮ್ಮ ಕುಳ್ಳಗಿನ ಹೆಂಗಸು. ಆಪರೇಷನ್ ಮಾಡುವಾಗ ಕಾಲಡಿಗೆ ಮಣೆ ಹಾಕಿಕೊಂಡು ನಿಲ್ಲುತ್ತಾರಂತೆ. ಮೊದಲ ದಿನವೇ ಫಿಲ್ಮನ್ನು ಬೆಳಕಿಗೆ ಹಿಡಿದು ಹೇಳಿದ್ದರು:

"ಸೊಂಟದ ಮೂಳೆ ಅಂದ್ರೆ ಒಂದು ಉಂಗುರ ಕಣ್ರೀ. ಉಂಗುರ ಯಾವತ್ತೂ ಒಂದೇ ಕಡೆ ಒಡೆಯಲ್ಲ."

"ಗೊತ್ತು," ಅಂದಿದ್ದ ಬಡಗಿ. "ಚೌಕಟ್ಟಿನ ಒಂದು ಮೂಲೆ ಬಿಟ್ಟುಕೊಂಡ್ರೆ ಇನ್ನೊಂದು ಮೂಲೇನೂ ಬಿಟ್ಟಿರುತ್ತೆ. ಕಣ್ಣಿಗೆ ಕಾಣದೇ ಇರಬಹುದು, ಅಷ್ಟೆ."

ಡಾಕ್ಟರಮ್ಮ ಕನ್ನಡಕ ಹಣೆಗೇರಿಸಿ ಅವನನ್ನು ನೋಡಿದರು. "ಇದನ್ನ ನಮ್ಮ ಹುಡುಗರ ತಲೆಗೆ ತುಂಬೋಕೆ ನನಗೆ ಆರು ತಿಂಗಳು ಬೇಕು."

ಹೊಗಳಿಕೆ ಅಪರೂಪಕ್ಕೆ ಸಿಕ್ಕವನಿಗೆ ಬೇಗ ಏರುತ್ತದೆ. ಅವರು ಆಮೇಲೆ ಹೇಳಿದ್ದನ್ನು ಅವನು ಅರ್ಧ ಕಿವಿಯಲ್ಲಿ ಕೇಳಿದ. ಮುಂದೆ, ಹೊಟ್ಟೆಯ ಕೆಳಗೆ, ಎರಡು ಮೂಳೆ ಕೂಡುವ ಜಾಗ ಬಾಯಿ ಬಿಟ್ಟಿದೆ. ಹಿಂದೆ, ಬೆನ್ನುಮೂಳೆಯ ಬುಡದಲ್ಲಿ, ಎಡಗಡೆಯ ಸಂದು ಬಿಟ್ಟಿದೆ. ಒಳಗೆ ರಕ್ತ ಹರಿದಿದೆ, ಮೂತ್ರಚೀಲಕ್ಕೂ ಏಟು ಬಿದ್ದಿದೆ. ಅದಕ್ಕೇ ಮುಂದೆ ಪ್ಲೇಟ್ ಹಾಕುವ ಹಾಗಿಲ್ಲ, ಸೋಂಕಾದೀತು, ಹೊರಗಿನಿಂದಲೇ ಹಿಡಿದಿಡಬೇಕು. "ಹೊರಗಿನದು ಮುಂದಿನದನ್ನ ಮಾತ್ರ ಹಿಡಿಯುತ್ತೆ, ಹಿಂದಿನದನ್ನ ಹಿಡಿಯಲ್ಲ. ಊತ ಇಳೀಲಿ. ಆಮೇಲೆ ಹಿಂದೆ ಸಣ್ಣ ತೂತು ಮಾಡಿ, ಕ್ಷಕಿರಣದಲ್ಲಿ ನೋಡ್ತಾ ನೋಡ್ತಾ ಉದ್ದದ ಸ್ಕ್ರೂ ಕೊಡ್ತೀನಿ."

ಹೊರಗಿನದು ಎಂದರೆ ಇದು: ಸೊಂಟದ ಎರಡೂ ಬದಿಯ ಮೂಳೆಗೆ ಎರಡೆರಡು ಉದ್ದನೆಯ ಮೊಳೆ. ಚರ್ಮದಿಂದ ಗೇಣುದ್ದ ಹೊರಗೆ ಚಾಚಿದ ಆ ಮೊಳೆಗಳನ್ನು ಹೊಟ್ಟೆಯ ಮೇಲಿಂದ ಅಡ್ಡಡ್ಡಲಾಗಿ ಜೋಡಿಸುವ ಎರಡು ತಿರುಪಿನ ಸರಳು. ಸರಳಿನ ತುದಿಯಲ್ಲಿ ನಟ್ಟು. ನಟ್ಟು ತಿರುಗಿಸಿದರೆ ಎರಡೂ ಬದಿ ಹತ್ತಿರ ಬರುತ್ತವೆ. ಬಡಗಿಗೆ ಅದನ್ನು ಕಂಡಕೂಡಲೇ ಗುರುತು ಸಿಕ್ಕಿತು. ಅವನ ಅಂಗಡಿಯ ಗೋಡೆಯಲ್ಲಿ ಅಂಥ ಹನ್ನೆರಡು ಕ್ಲ್ಯಾಂಪು ನೇತಾಡುತ್ತಿದ್ದವು.

ಗುರುತು ಸಿಕ್ಕರೇನು? ಕ್ಲ್ಯಾಂಪಿನಾಚೆ ಇದ್ದವಳು ಹೆಂಡತಿ. ಹೊದಿಕೆಯ ಕೆಳಗೆ ಆ ಸರಳುಗಳು ಗೇಟಿನ ಹಾಗೆ ಎದ್ದು ನಿಂತಿದ್ದವು. ಅವನು ಬಗ್ಗಿದರೆ ಎದೆಗೆ ಕಬ್ಬಿಣ ತಾಗುತ್ತಿತ್ತು. ಮಂಚದ ಒಂದು ಕಡೆ ರಕ್ತದ ಬಾಟಲಿ, ಇನ್ನೊಂದು ಕಡೆ ಮೂತ್ರದ ಚೀಲ, ಕಾಲ ಕಡೆ ತೂಕದ ಕಲ್ಲು ಕಟ್ಟಿದ ಹಗ್ಗ. ಕೈ ಹಿಡಿಯೋಣವೆಂದರೆ ಒಂದು ಕೈಗೆ ಸೂಜಿ, ಮತ್ತೊಂದು ಕೈ ಬಾತಿತ್ತು. ಒಟ್ಟು ಕಿವಿಯೊಂದು ಸುಸ್ಥಿತಿಯಲ್ಲಿತ್ತು. ಅವನು ಅವಳ ಕಿವಿಯ ಹಿಂದಿನ ಕೂದಲು ಸರಿಮಾಡಿ ಸ್ಟೂಲಿನ ಮೇಲೆ ಕೂರುತ್ತಿದ್ದ.

ಹಾಗೆಂದು ಬೀಳುವ ಮುಂಚೆ ಅವರಿಬ್ಬರೂ ಅಂಟಿಕೊಂಡೇ ಇದ್ದರು ಅನ್ನುವ ಹಾಗಿಲ್ಲ. ಹನ್ನೊಂದು ವರ್ಷದ ಸಂಸಾರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂಥ ಜಗಳವೂ ಇಲ್ಲ. ಅದಾದರೂ ಇದ್ದಿದ್ದರೆ ಎಳೆದಾಟಕ್ಕಾದರೂ ಹತ್ತಿರ ಬರುತ್ತಿದ್ದರೇನೋ. ಅವಳು ಬೆಳಕಿಗೆ ಮುಂಚೆ ಗೋಡೆಗೆ ಹೊರಟರೆ ಅವನು ಎದ್ದು ಅಂಗಡಿಗಿಳಿಯುತ್ತಿದ್ದ. ಅವಳು ಬಣ್ಣದ ವಾಸನೆ ಹೊತ್ತು ಬಂದರೆ ಇವನು ಹೊಟ್ಟು ಕೊಡವುತ್ತ ಬರುತ್ತಿದ್ದ. ಬೀಳುವ ನಾಲ್ಕು ದಿನ ಮುಂಚೆ ಅವಳು ಅಂಗಡಿಯ ಹೊಸಿಲ ಮೇಲೆ ನಿಂತು, "ಬೇರೆ ಊರಲ್ಲಿ ಆರು ತಿಂಗಳ ಕೆಲಸ ಇದೆಯಂತೆ, ದೊಡ್ಡ ದೊಡ್ಡ ಗೋಡೆ," ಅಂದಿದ್ದಳು. ಅವನು ಉಜ್ಜುಗೊರಡಿನಿಂದ ತಲೆ ಎತ್ತದೆ "ಹೋಗು" ಅಂದಿದ್ದ. ಹೋಗಬೇಡ ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಅಲ್ಲೇ ಉಳಿಯಿತು. ಅವಳು ಒಂದು ಗಳಿಗೆ ನಿಂತಿದ್ದು ಒಳಗೆ ಹೋದಳು. ಆ ಒಂದು ಗಳಿಗೆಯನ್ನು ಅವನು ಈಗ ದಿನಾ ಮೂರೂವರೆಯಿಂದ ನಾಲ್ಕರವರೆಗೆ ಬಾಗಿಲ ಮುಂದೆ ಹಿಂಜುತ್ತಿದ್ದ.

ಎರಡನೇ ದಿನ ಅವಳೇ ಕರೆದಳು. "ಮೇಸ್ತ್ರಿ, ಇಲ್ಲಿ ಬಾ." ಅವಳು ಅವನನ್ನು ಕರೆಯುವುದೇ ಹಾಗೆ. "ಉಸಿರು ಎಳೆದಾಗಲೆಲ್ಲ ಇದು ಟಿಕ್ ಅನ್ನುತ್ತೆ. ಸಡಿಲ ಆಗಿದೆಯಾ ನೋಡು."

ಅವನು ಕಿವಿ ಇಟ್ಟ. ಟಿಕ್. ಹೌದು, ಎರಡೂ ನಟ್ಟು ಒಂದಿಷ್ಟು ಸಡಿಲ.

"ಸಿಸ್ಟರಿಗೆ ಹೇಳ್ತೀನಿ."

"ಸಿಸ್ಟರಿಗೆ ಹೇಳಿದ್ರೆ ಡಾಕ್ಟರಿಗೆ ಹೇಳ್ತಾಳೆ, ಡಾಕ್ಟರು ಆಪರೇಷನ್ನಲ್ಲಿರ್ತಾರೆ. ಊರಿಗೆಲ್ಲ ಕಪಾಟು ಮಾಡಿಕೊಡ್ತೀಯ, ಹೆಂಡ್ತಿದೊಂದು ನಟ್ಟು ತಿರುಗಿಸೋಕಾಗಲ್ವಾ?"

ಪಕ್ಕದ ಮಂಚದಲ್ಲಿ ತೊಡೆ ಮುರಿದುಕೊಂಡ ಅಜ್ಜಿಯೊಬ್ಬಳಿದ್ದಳು. ಅವಳು ಕಣ್ಣು ಮುಚ್ಚಿಕೊಂಡೇ "ನನ್ನದೂ ಒಂದು ನೋಡಪ್ಪಾ, ಬಾಯಿದು, ಸಡಿಲ ಆಗಿದೆ ಅಂತ ಸೊಸೆ ಹೇಳ್ತಾಳೆ," ಅಂದಳು.

ಹೆಂಡತಿ ನಗಲು ಹೋಗಿ ನೋವಿಗೆ ತುಟಿ ಕಚ್ಚಿದಳು. ಅವನ ಜೇಬಿನಲ್ಲಿ ಬೀಗದಕೈ ಗೊಂಚಲು, ಗೊಂಚಲಲ್ಲಿ ಬೆರಳುದ್ದದ ಸ್ಪ್ಯಾನರು. ಅದಿಲ್ಲದೆ ಅವನು ಮನೆಯಿಂದ ಹೊರಬಿದ್ದವನಲ್ಲ. ಸರಳಿನ ಮೇಲೆ ಸಿಸ್ಟರು ತಾರೀಖು ಬರೆದು ಬಿಳಿ ಪಟ್ಟಿ ಅಂಟಿಸಿದ್ದಳು. ಅವನು ತನ್ನ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನಟ್ಟು ಇದ್ದ ಜಾಗಕ್ಕೆ ಪಟ್ಟಿಯ ಮೇಲೊಂದು ಗೆರೆ ಎಳೆದ. ಗುರುತು ಹಾಕದೆ ಯಾವ ಕೆಲಸಕ್ಕೂ ಕೈ ಹಾಕಬಾರದು. ಆಮೇಲೆ ಒಂದೊಂದು ನಟ್ಟಿಗೆ ಒಂದೊಂದು ಸುತ್ತು ಕೊಟ್ಟ.

ಅವಳು ಉಸಿರೆಳೆದಳು. ಟಿಕ್ ಇಲ್ಲ. "ಹಾ," ಅಂದಳು, ತೊಟ್ಟಿಲಲ್ಲಿ ಮಲಗಿಸಿದ ಮಗುವಿನ ಹಾಗೆ ಕಣ್ಣು ಮುಚ್ಚುತ್ತ. "ಈಗ ಯಾರೋ ಹಿಡಿದುಕೊಂಡ ಹಾಗಿದೆ."

ಅಷ್ಟಕ್ಕೇ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಅಂಟು ಹಚ್ಚಿ ಕ್ಲ್ಯಾಂಪು ಬಿಗಿದವನು ಸ್ವಲ್ಪ ಹೊತ್ತು ಬಿಟ್ಟು ಬಂದು ಇನ್ನೊಂದು ಸುತ್ತು ಕೊಡಬೇಕು. ಅಂಟು ಹಿಂಡಿ ಹೊರಬಂದ ಮೇಲೆ ಬಿಗಿ ಸಡಿಲವಾಗುತ್ತದೆ. ಇದು ಕಲಿತ ಮೊದಲ ವಾರವೇ ಕೈಗೆ ಬರುವ ಪಾಠ. ಕೈಗೆ ಬಂದದ್ದು ತಲೆಯನ್ನು ಕೇಳುವುದಿಲ್ಲ. ಮೂರನೇ ದಿನ ಅವಳು ಮದ್ದಿನ ಮಂಪರಿನಲ್ಲಿದ್ದಳು. ಅವನು ಹೊದಿಕೆ ಸರಿಮಾಡಲು ಬಗ್ಗಿದ. ಬಗ್ಗಿದಾಗ ಮುಖ ಅವಳ ಎದೆಯ ಹತ್ತಿರ ಬಂತು, ಡೆಟಾಲು ವಾಸನೆಯ ಕೆಳಗೆ ಎಲ್ಲೋ ಟರ್ಪೆಂಟೈನಿನ ಹಳೇ ವಾಸನೆ ಸಿಕ್ಕಿತು. ಕೈ ತಾನಾಗಿ ಜೇಬಿಗೆ ಹೋಯಿತು. ಎರಡು ಸುತ್ತು. ನಾಲ್ಕನೇ ದಿನ ಎರಡು. ಐದನೇ ದಿನ ಎರಡು. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಆ ಒಂದು ನಿಮಿಷಕ್ಕೆ ಅವನು ಕಾಯುತ್ತಿದ್ದ. ತಬ್ಬಿಕೊಳ್ಳಲು ಕೈ ಸಾಲದವನಿಗೆ ಸ್ಪ್ಯಾನರು ಸಿಕ್ಕಿತ್ತು. ಅವಳ ಕಣ್ಣು ಮುಚ್ಚಿರುತ್ತಿತ್ತು. ಆಮೇಲೆ ಒಮ್ಮೆ ಕೇಳುತ್ತಿದ್ದಳು: "ಗೋಡೆ?"

"ಹಾಗೇ ಇದೆ. ಬಾಲ ಇಲ್ಲದೆ."

"ಬೇರೆ ಯಾರ ಕೈಲೂ ಹಾಕಿಸಬಾರದು ಅಂತ ಹೇಳು ಅವರಿಗೆ."

ಐದನೇ ದಿನ ಬೆನ್ನು ನೋಯುತ್ತದೆ ಅಂದಿದ್ದಳು. ಮಲಗಿ ಮಲಗಿ ಇರಬೇಕು ಅಂದುಕೊಂಡ.

ಆರನೇ ದಿನ ಬಾಗಿಲು ತೆರೆಯುವ ಮುಂಚೆಯೇ ಡಾಕ್ಟರಮ್ಮ ಅವನನ್ನು ತಮ್ಮ ಕೋಣೆಗೆ ಕರೆಸಿದರು. ಬೆಳಕಿನ ಪೆಟ್ಟಿಗೆಯ ಮೇಲೆ ಎರಡು ಫಿಲ್ಮು ಅಕ್ಕಪಕ್ಕ.

"ನೋಡಿ, ನಿಮಗೆ ಅರ್ಥ ಆಗುತ್ತೆ. ಇದು ಮೊದಲ ದಿನ. ಹಿಂದಿನ ಸಂದು ಒಂದು ಗೆರೆ ಅಷ್ಟೆ. ಇದು ಇವತ್ತಿನದು."

ಮುಂದಿನ ಕೀಲು ಚೆನ್ನಾಗಿ ಮುಚ್ಚಿತ್ತು, ಅವನೇ ಮಾಡಿದ ಪೆಟ್ಟಿಗೆಯ ಮುಚ್ಚಳದ ಹಾಗೆ. ಹಿಂದೆ, ಎಡಗಡೆ, ಆ ಗೆರೆ ಅಗಲವಾಗಿ ಕಪ್ಪಗೆ ಬಾಯ್ದೆರೆದಿತ್ತು. ಚೌಕಟ್ಟಿನ ಒಂದು ಮೂಲೆಯನ್ನು ಅತಿ ಬಿಗಿದರೆ ಎದುರು ಮೂಲೆ ಬಿಡುತ್ತದೆ. ಯಾರಾದರೂ ಕಲಿಯುವವನು ಹೀಗೆ ಮಾಡಿದ್ದರೆ ಅವನು ಕಿವಿ ಹಿಂಡುತ್ತಿದ್ದ.

"ನಾಳೆ ಬೆಳಿಗ್ಗೆ ಆಪರೇಷನ್," ಅಂದರು ಡಾಕ್ಟರಮ್ಮ. "ಚರ್ಮ ಕೊಯ್ಯದೆ ಎಳೆದು ಕೂರಿಸಿ, ಸಣ್ಣ ತೂತಲ್ಲಿ ಸ್ಕ್ರೂ ಹಾಕೋಣ ಅಂತಿದ್ದೆ. ಇಷ್ಟು ಬಿಟ್ಟಮೇಲೆ ಹಾಗೆ ಕೂರಲ್ಲ. ಬೋರಲು ಮಲಗಿಸಿ ಹಿಂದಿನಿಂದ ಕೊಯ್ದು, ಕಣ್ಣಲ್ಲಿ ನೋಡಿ ಕೂರಿಸಬೇಕು."

"ಕೊಯ್ದರೆ?"

"ಅಲ್ಲಿ ಚರ್ಮ ಎಲ್ಲ ಜಜ್ಜಿ ನೀಲಿಯಾಗಿದೆ. ಅಂಥ ಕಡೆ ಕೊಯ್ದ ಗಾಯ ಕೂಡೋದು ಕಷ್ಟ. ಸೋಂಕು ಒಳಗಿಳಿದರೆ..." ಅವರು ಕನ್ನಡಕ ಒರೆಸಿದರು. "ನಡೆಯೋ ಮಾತೇ ವರ್ಷ ಮುಂದಕ್ಕೆ ಹೋಗುತ್ತೆ. ಅಟ್ಟಣಿಗೆ ಹತ್ತೋ ಮಾತು ನಾನು ಆಡಲ್ಲ. ಇಲ್ಲಿ ರುಜು ಹಾಕಿ."

ಅವನು ಪೆನ್ನು ತೆಗೆದುಕೊಂಡ. ಕಾಗದ ನೋಡಿದ. ಹೇಳಬೇಕು ಅಂದುಕೊಂಡ, ಬಾಯಿ ಬಿಟ್ಟರೆ ಬಣ್ಣಗೇಡು ಅನ್ನಿಸಿತು. "ಅವಳನ್ನೊಂದು ಮಾತು ಕೇಳಿ ಹಾಕ್ತೀನಿ," ಅಂದು ಎದ್ದ. ಡಾಕ್ಟರಮ್ಮನ ಪೆನ್ನು ಅವನ ಕಿವಿಯ ಮೇಲೆ, ಪೆನ್ಸಿಲಿನ ಪಕ್ಕ, ಅವನಿಗೇ ತಿಳಿಯದೆ ಹೋಗಿ ಕೂತಿತ್ತು.

ವಾರ್ಡಿನಲ್ಲಿ ಹೆಂಡತಿಯ ಅಕ್ಕ ಆಗಲೇ ಬಂದಿದ್ದಳು. "ಬಂದರಪ್ಪಾ! ಬಾಗಿಲು ಪರೀಕ್ಷೆ ಮುಗೀತಾ?" ಅವನು ಸ್ಟೂಲನ್ನು ಮಂಚದಿಂದ ದೂರ ಎಳೆದು ಕೂತ. ಹೊದಿಕೆ ಒಂದು ಕಡೆ ಜಾರಿತ್ತು. ಸರಿಮಾಡಲು ಏಳಲಿಲ್ಲ. ಕೈಯನ್ನು ಮಂಡಿಗಳ ಮಧ್ಯೆ ಇಟ್ಟುಕೊಂಡ.

ಹೆಂಡತಿ ಅವನನ್ನೇ ನೋಡುತ್ತಿದ್ದಳು. "ಯಾಕೆ ಇವತ್ತು ಅಷ್ಟು ದೂರ?"

"ಸೆಖೆ."

"ನಿನಗೆ ಸೆಖೆ ಯಾವಾಗಿಂದ?"

ಡಾಕ್ಟರಮ್ಮ ತಮ್ಮ ಪೆನ್ನು ಹುಡುಕಿಕೊಂಡೋ ಏನೋ ತಾವೇ ಬಂದರು. ಮಂಚದ ಅಂಚಿಗೆ ನಿಂತು ಅವಳಿಗೆ ಎಲ್ಲ ವಿವರಿಸಿದರು: ಬೋರಲು, ಕೊಯ್ತ, ಜಜ್ಜಿದ ಚರ್ಮ. ಅವಳು ಕೇಳಿಸಿಕೊಂಡು ಚಾವಣಿ ನೋಡಿದಳು.

"ಯಾಕೆ ಹೀಗಾಯ್ತು ಡಾಕ್ಟ್ರೇ?"

"ಗೊತ್ತಿಲ್ಲಮ್ಮ." ಕುಳ್ಳಗಿನ ಹೆಂಗಸು ಇನ್ನಷ್ಟು ಕುಗ್ಗಿದ ಹಾಗೆ ಕಂಡರು. "ಆ ದಿನ ರಕ್ತ ಹೋಗ್ತಿತ್ತು, ನಾನು ಅವಸರದಲ್ಲಿ ಕಟ್ಟಿದ್ದು. ನನ್ನ ಕೈಯೇ ತಪ್ಪಿತೇನೋ. ನಿಮಗೆ ಸುಳ್ಳು ಹೇಳಬಾರದು ನೋಡಿ."

ಬಡಗಿ ಎದ್ದು ನಿಂತ. ಸ್ಟೂಲು ಹಿಂದಕ್ಕೆ ಬಿತ್ತು. ಒಬ್ಬ ಕೆಲಸಗಾರ ಇನ್ನೊಬ್ಬ ಕೆಲಸಗಾರನ ಕೈಯನ್ನು ಅನುಮಾನಕ್ಕೆ ಬಿಟ್ಟು ಕೂರುವಂತಿಲ್ಲ. ಇದನ್ನೂ ಮೊದಲ ವಾರದಲ್ಲೇ ಕಲಿತಿದ್ದ.

"ನಿಮ್ಮ ಕೈಯಲ್ಲ," ಅಂದ. ಜೇಬಿನಿಂದ ಗೊಂಚಲು ತೆಗೆದು ಹೊದಿಕೆಯ ಮೇಲಿಟ್ಟ. "ನನ್ನ ಕೈ. ನಟ್ಟು ಬಿಗಿ ಮಾಡಿದೆ. ದಿನಾ. ಒಟ್ಟು ಆರು ಸುತ್ತು."

ಪಕ್ಕದ ಮಂಚದ ಅಜ್ಜಿ ಕಣ್ಣು ಬಿಟ್ಟಳು. ಹೆಂಡತಿಯ ಅಕ್ಕ "ಅಯ್ಯೋ ಪಾಪಿ!" ಎಂದು ಎದೆಗೆ ಕೈ ಹಚ್ಚಿದಳು.

"ಎಂಟು," ಅಂದಳು ಹೆಂಡತಿ.

ಎಲ್ಲರೂ ಅವಳ ಕಡೆ ತಿರುಗಿದರು.

"ಎಂಟು ಸುತ್ತು ಡಾಕ್ಟ್ರೇ. ಮೊದಲಿನ ಎರಡು ನಾನೇ ಹೇಳಿ ಹಾಕಿಸಿದ್ದು. ನನ್ನ ಹೆಸರು ಬರಬಾರದು ಅಂತ ಮೇಸ್ತ್ರಿ ಆರು ಅಂತಿದ್ದಾನೆ. ಕೆಲಸದಲ್ಲಿ ಅಳತೆ ತಪ್ಪಲ್ಲ, ಸುಳ್ಳು ಹೇಳುವಾಗ ತಪ್ಪುತ್ತೆ."

"ನಿನಗೆ ಎಚ್ಚರ ಇತ್ತಾ?" ಅಂದ ಬಡಗಿ.

"ಇತ್ತು."

"ಮತ್ತೆ ಬೇಡ ಅನ್ನಬಾರದಾಗಿತ್ತಾ?"

ಅವಳ ಕಣ್ಣ ಕೊನೆಯಿಂದ ನೀರು ಕಿವಿಯ ಕಡೆ ಇಳಿಯಿತು. ಮಲಗಿದವರ ಕಣ್ಣೀರಿಗೆ ಬೇರೆ ದಾರಿ ಇಲ್ಲ. "ನೀನು ಅಷ್ಟು ಹತ್ತಿರ ಬರ್ತಿದ್ದದ್ದು ಅದೊಂದೇ ಹೊತ್ತಲ್ಲಿ," ಅಂದಳು. "ಬೇಡ ಅಂದಿದ್ರೆ ನೀನು ಸ್ಟೂಲ್ ಮೇಲೆ ಹೋಗಿ ಕೂರ್ತಿದ್ದೆ."

ಡಾಕ್ಟರಮ್ಮ ಗೊಂಚಲಿನಿಂದ ಸ್ಪ್ಯಾನರನ್ನು ಬಿಡಿಸಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. ಬೈಯಲಿಕ್ಕೆ ಬಾಯಿ ತೆರೆದರು, ಬೈದರೂ ಬೈದರು. ಏನು ಬೈದರು ಎಂಬುದನ್ನು ಹೆಂಡತಿಯ ಅಕ್ಕ ಆಮೇಲೆ ಬಹಳ ಜನಕ್ಕೆ ಬಹಳ ಸಲ ಹೇಳಿದ್ದರಿಂದ ಇಲ್ಲಿ ಬೇಡ. ಬೈಗುಳ ಮುಗಿದ ಮೇಲೆ ಅವರ ಮುಖದಲ್ಲಿ ಬೇರೇನೋ ಕಂಡಿತು.

"ಮೂಳೆ ತಾನಾಗೇ ಜಾರಿದ್ರೆ ವಾಪಸ್ ತರೋದು ಕಷ್ಟ. ನೀವು ಎಳೆದು ಬಿಡಿಸಿದ್ದಾದ್ರೆ, ಎಳೆದದ್ದನ್ನ ಬಿಟ್ಟರೆ ಬರಬಹುದು. ಬರಬಹುದು ಅಂದೆ, ಬರುತ್ತೆ ಅನ್ನಲಿಲ್ಲ. ನಾಳೆ ಮಂಪರು ಕೊಟ್ಟಮೇಲೆ ಮೊದಲು ಸಡಿಲ ಮಾಡಿ ನೋಡ್ತೀನಿ. ಕೂತರೆ ಸ್ಕ್ರೂ. ಕೂರದಿದ್ದರೆ ಕೊಯ್ಯೋದೇ. ಎರಡೂ ನಟ್ಟಿಗೆ ಸಮವಾಗಿ ತಿರುಗಿಸಿದ್ರಾ?"

"ಸಮ. ಮೊದಲು ಎಲ್ಲಿತ್ತು ಅಂತ ಗುರುತು ಹಾಕಿದ್ದೀನಿ." ಅವನು ಹೊದಿಕೆ ಸರಿಸಿ ತೋರಿಸಿದ. ಬಿಳಿ ಪಟ್ಟಿಯ ಮೇಲೆ, ತಾರೀಖಿನ ಪಕ್ಕ, ಕೂದಲೆಳೆಯಷ್ಟು ಪೆನ್ಸಿಲ್ ಗೆರೆ.

ಡಾಕ್ಟರಮ್ಮ ಬಗ್ಗಿ ನೋಡಿದರು. "ನಿಮ್ಮನ್ನ ಹೊಡೀಬೇಕೋ ಕೆಲಸಕ್ಕೆ ಇಟ್ಟುಕೋಬೇಕೋ ಗೊತ್ತಾಗ್ತಿಲ್ಲ. ನನ್ನ ಪೆನ್ನು ಕೊಡಿ."

ಅವನು ಕಿವಿಯಿಂದ ಪೆನ್ನು ತೆಗೆದುಕೊಟ್ಟ. ಅವರು ಕಾಗದದಲ್ಲಿ ಎರಡು ದಾರಿಯನ್ನೂ ಬರೆದರು; ಅವನು ಎರಡೂ ಕಡೆ, ಕೂತರೆ ಅನ್ನುವಲ್ಲಿಯೂ ಕೂರದಿದ್ದರೆ ಅನ್ನುವಲ್ಲಿಯೂ, ರುಜು ಹಾಕಿ ಕೊಟ್ಟ.

ಮರುದಿನ ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಅವನು, ಒಂದು ಮೊಳ ಬಿಟ್ಟು ಹೆಂಡತಿಯ ಅಕ್ಕ. ಮೊದಲ ಗಂಟೆ ಅವಳು ಅವನ ಕಡೆ ನೋಡಲಿಲ್ಲ. ಎರಡನೇ ಗಂಟೆಯಲ್ಲಿ ಟೀ ತಂದಳು, ಒಂದೇ ಲೋಟ; ಅರ್ಧ ಕುಡಿದು ಅವನ ಕಡೆ ತಳ್ಳಿದಳು. ಅವನ ತಲೆಯಲ್ಲಿ ನಟ್ಟು ಹಿಂದಕ್ಕೆ ತಿರುಗುತ್ತಲೇ ಇತ್ತು. ಹೆಚ್ಚು ಎಳೆದ ಮರ ಬಿಟ್ಟಾಗ ಹಿಂದಕ್ಕೆ ಬರುತ್ತದೆ, ನಿಜ. ಬಾರದೆಯೂ ಇರುತ್ತದೆ. ಅವನ ಅಂಗಡಿಯ ಮೂಲೆಯಲ್ಲಿ ಹಾಗೆ ಬಾರದೆ ಉಳಿದ ಕಾಲುಗಳು, ಅಡ್ಡಪಟ್ಟಿಗಳು ಒಂದು ರಾಶಿಯೇ ಇದ್ದವು.

ಮೂರು ಗಂಟೆ ಕಳೆದು ಡಾಕ್ಟರಮ್ಮ ಹೊರಬಂದರು. ಹಸಿರು ಟೋಪಿಯ ಅಂಚಿನ ಗೆರೆ ಹಣೆಯ ಮೇಲೆ ಮೂಡಿತ್ತು.

"ನಿಮ್ಮ ಗೆರೆಯವರೆಗೆ ಬಿಟ್ಟೆ," ಅಂದರು. "ಕಾಲು ಹಿಡಿದು ಒಂದು ಸಲ ಎಳೆದ್ವಿ. ಕೂತುಕೊಂಡಿತು. ಎರಡು ಸ್ಕ್ರೂ. ಹಿಂದೆ ಇಷ್ಟೇ ಇಷ್ಟು ಗಾಯ." ಎರಡು ಬೆರಳಲ್ಲಿ ಅಕ್ಕಿಕಾಳಿನಷ್ಟು ತೋರಿಸಿದರು, ಅದು ಸುಳ್ಳು, ಹುಣಸೆಬೀಜದಷ್ಟಾದರೂ ಇತ್ತು. "ಹೊರಗಿನದು ಆರು ವಾರ ಇರುತ್ತೆ. ನೀವು ಮುಟ್ಟಬಾರದು."

ಅದನ್ನು ಹೆಂಡತಿ ತಾನೇ ಬರೆದುಕೊಂಡಳು. ಮನೆಗೆ ಬಂದ ಮೊದಲ ವಾರ, ಮಲಗಿದಲ್ಲೇ ಸಣ್ಣ ಕುಂಚ ಕೇಳಿ ಇಸಿದುಕೊಂಡು, ಸರಳಿನ ಪಟ್ಟಿಯ ಮೇಲೆ ಕೆಂಪಕ್ಷರದಲ್ಲಿ, ಕಪ್ಪು ನೆರಳು ಕೊಟ್ಟು, "ಬಡಗಿ ಮುಟ್ಟಬಾರದು" ಎಂದು ಬರೆದಳು. ನೋಡಿದವರೆಲ್ಲ ನಕ್ಕರು. ಅವನೂ ನಕ್ಕ. ಮೆಟ್ಟಿಲು ಹತ್ತಲಾಗದ ಕಾರಣ ಮಂಚವನ್ನು ಅಂಗಡಿಗೇ ಇಳಿಸಿದ್ದರು. ಅವನು ಉಜ್ಜುಗೊರಡು ಹೊಡೆಯುತ್ತಿದ್ದರೆ ಅವಳು ಹಲಗೆಯ ಮೇಲೆ ಅಕ್ಷರ ತಿದ್ದುತ್ತಿದ್ದಳು. ಹಗಲೆಲ್ಲ ಒಂದೇ ಕೋಣೆ, ಐದು ಹೆಜ್ಜೆ ದೂರ. ಆ ಐದು ಹೆಜ್ಜೆಯಷ್ಟು ದೊಡ್ಡ ಊರನ್ನು ಅವನು ಕಂಡಿರಲಿಲ್ಲ. ಅವಳ ಕೈಗೆ ನೀರಿನ ಲೋಟ ಕೊಡುವಾಗ ಬೆರಳು ಬೆರಳಿಗೆ ತಾಗುತ್ತಿತ್ತು. ಮತ್ತೆ ನೀರು ಬೇಕಾ ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದ.

"ನಾನೇನು ಗಿಡಾನಾ?" ಅನ್ನುತ್ತಿದ್ದಳು. ಅಂದರೂ ಲೋಟ ತೆಗೆದುಕೊಳ್ಳುತ್ತಿದ್ದಳು.

ಒಂದು ದಿನ ಉಳಿ ಮಸೆಯುತ್ತ, ತಲೆ ಎತ್ತದೆ, ಅವನು ಅಂದ: "ಆ ಆರು ತಿಂಗಳ ಕೆಲಸ..."

"ಹೂಂ?"

ತಲೆ ಎತ್ತಿದ. "ಹೋಗಬೇಡ ಅಂತ ಹೇಳಬೇಕಾಗಿತ್ತು."

"ಈಗ ಹೇಳ್ತಿದ್ದೀಯಲ್ಲ, ಓಡಿ ಹೋಗೋಕೆ ಕಾಲೇ ಇಲ್ಲದಾಗ." ಕುಂಚವನ್ನು ಲೋಟದಲ್ಲಿ ತಿರುಗಿಸಿದಳು. "ಕಾಲು ಬಂದಮೇಲೆ ಇನ್ನೊಂದು ಸಲ ಹೇಳು. ಆವಾಗ ಯೋಚಿಸ್ತೀನಿ."

ಆರು ವಾರಕ್ಕೆ ಹೊರಗಿನ ಕಬ್ಬಿಣ ಹೋಯಿತು. ಡಾಕ್ಟರಮ್ಮ ಸ್ಪ್ಯಾನರನ್ನು ಲಕೋಟೆಯಲ್ಲಿ ಹಾಕಿ ವಾಪಸ್ ಕೊಟ್ಟರು. ಇನ್ನು ಆರು ವಾರ ಎಡಗಾಲು ಊರುವಂತಿಲ್ಲ, ಆಮೇಲೆ ಊರುಗೋಲು, ಆಮೇಲೆ ನೋಡೋಣ ಅಂದರು. ಗೋಡೆಯ ಮಾತು ಅವಳೂ ಕೇಳಲಿಲ್ಲ, ಅವರೂ ಆಡಲಿಲ್ಲ. ವಾಪಸು ಬರುವಾಗ ಅವನು ಗಾಡಿಯನ್ನು ಗೋದಾಮಿನ ದಾರಿಯಲ್ಲಿ ಬಿಡಿಸಿದ. ಅವಳು ಕಿಟಕಿಯಿಂದ ನೋಡಿದಳು. ಕೊನೆಯ ಅಕ್ಷರ ಬಾಲವಿಲ್ಲದೆ ನಿಂತಿತ್ತು. ಗಾಡಿ ತಿರುವು ದಾಟಿದ ಮೇಲೂ ಅವಳ ಕತ್ತು ಆ ಕಡೆಗೇ ಇತ್ತು.

ಮಧ್ಯಾಹ್ನ ಅಂಗಡಿಯ ಬಾಗಿಲು ಮುಂದೆ ಮಾಡಿ ಬಂದು, ಅವನು ಮಂಚದ ಅಂಚಿನಲ್ಲಿ ಮಲಗಿದ. ಹೊದಿಕೆ ಈಗ ಚಪ್ಪಟೆಯಾಗಿತ್ತು. ಗೇಟು ಇದ್ದ ಜಾಗದಲ್ಲಿ ನಾಲ್ಕು ಕೆಂಪು ಚುಕ್ಕೆ, ಅಷ್ಟೆ. ಅವನು ಉಸಿರು ಹಿಡಿದು ಒಂದೊಂದೇ ಅಂಗುಲ ಸರಿದ. ಇನ್ನೇನು ತಾಗಬೇಕು ಅನ್ನುವಲ್ಲಿ ನಿಂತ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಒಂದು ಇಸ್ಪೀಟೆಲೆ ತೂರುವಷ್ಟು ಸಂದು ಬಿಡಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಕಚ್ಚಿಕೊಳ್ಳುತ್ತದೆ. ಅಷ್ಟೇ ಸಂದು ಬಿಟ್ಟಿದ್ದ.

ಅವಳು ಕಣ್ಣು ಮುಚ್ಚಿಕೊಂಡೇ ಆ ಸಂದಿನಲ್ಲಿ ಬೆರಳಾಡಿಸಿದಳು.

"ಮೇಸ್ತ್ರಿ."

"ಹೂಂ."

"ನಾನೇನು ಬಾಗಿಲಾ?"